ಸಂಘಕ್ಕೆ ಸೇರಲೇ ಎಂದು ಕೇಳಿದ ಭಾವನಿಗೆ

ರೂಸೆ, ಮಂಗಳವಾರ

ಪ್ರೀತಿಯ ನೆದ್ಯಾಲ್ಕೊ ಭಾವ,

ಹವ್ಯಾಸಕ್ಕೆ ಪ್ರೋಗ್ರಾಂ ಬರೆಯುವವರು ಚಂದಾ ಕಟ್ಟಿ ನಮ್ಮ ಸಾಫ್ಟ್‌ವೇರ್ ಸಂಘಕ್ಕೆ ಸೇರುವುದು ಲಾಭವೇ ಎಂದು ಕೇಳಿದ್ದೀರಿ. ಹಳೆಯ ಸದಸ್ಯನಾಗಿ ಹೇಳುತ್ತೇನೆ, ಖಂಡಿತ ಬೇಡ. ಸಿಗುವುದು ಎದೆಗೊಂದು ಬಿಲ್ಲೆ, ಆರಿದ ಕಾಫಿ, ಒಣಗಿದ ಚೀಸ್ ಬಾನಿತ್ಸಾ ತುಂಡು. ನಿಮಗೆ ನಿಮ್ಮ ಪಾರಿವಾಳಗಳೇ ಸಾಕು.

ಪಂದ್ಯದ ಪಾರಿವಾಳ ಎಷ್ಟು ಹೊತ್ತಿಗೆ ಗೂಡು ಸೇರುತ್ತದೆಂದು ಹೇಳುವ ನಿಮ್ಮ ಪ್ರೋಗ್ರಾಮನ್ನು ನಿಮ್ಮ ತಂಗಿ ನನಗೆ ತಿಳಿಸದೆ ಸಂಘಕ್ಕೆ ಕಳಿಸಿದ್ದಳು. ಸಭೆಯಲ್ಲಿ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ನನ್ನ ಚದುರಂಗದ ಪ್ರೋಗ್ರಾಂ ತೋರಿಸಲು ಹೊತ್ತು ಉಳಿಯಲಿಲ್ಲ.

“ನಮ್ಮಣ್ಣ ಪುಕ್ಕಟೆ ಕಲಿತಿದ್ದನ್ನ ನೀವು ದುಡ್ಡು ಕೊಟ್ರೂ ಕಲೀಲಿಲ್ವಲ್ರೀ!” ಎಂದು ನಿಮ್ಮ ತಂಗಿ ನಗುತ್ತಾಳೆ.

“ನಿಮ್ಮ ಭಾವನ್ನ ಯಾವಾಗ ಕರ್ಕೊಂಡು ಬರ್ತೀರಿ?” ಎಂದು ಕಾರ್ಯದರ್ಶಿ ವಿದ್ಕಾ ಕೇಳುತ್ತಲೇ ಇದ್ದಾರೆ. ನಿಮಗೆ ಹುಷಾರಿಲ್ಲ ಎಂದಿದ್ದೇನೆ. ಅವರು ಫೋನ್ ಮಾಡಿದರೆ ದಯವಿಟ್ಟು ಒಂದೆರಡು ಸಲ ಕೆಮ್ಮಿಬಿಡಿ.

ಬರಲೇಬೇಕು ಅಂತಿದ್ದರೆ ಸೋಮವಾರದ ಸಭೆಗೆ ಬನ್ನಿ. ಗುರುವಾರದ ಸಭೆಗೆ ಮಾತ್ರ ಬೇಡ, ಭಾವ. ನಾನು ಬಾಯಿ ತೆರೆದರೆ ನಾಲ್ಕು ಜನ ಕೂತು ಕೇಳುವುದು ವಾರದಲ್ಲಿ ಅದೊಂದೇ ದಿನ.

ನಿಮ್ಮ ಆರೋಗ್ಯ ಬಯಸುವ,
ತ್ಸಾಂಕೊ