ಪ್ರೋಮೋದಲ್ಲಿ ಕೆಂಚಮ್ಮ

ಫೆಬ್ರವರಿ 10, ಮಧುಗಿರಿ
ಇವತ್ತೂ ಸಬ್‌ಟೈಟಲ್ ತಿದ್ದುವ ಕೆಲಸ. ಬೆನ್ನು ನೋವು. ಚಾನೆಲ್‌ನಿಂದ ಜಯಕುಮಾರ್ ಸರ್ ಫೋನ್ — ನನ್ನ ಸಿನಿಮಾಕ್ಕೆ ದುಡ್ಡು ಹಾಕಿದವರು ಅವರೇ, ತೋರಿಸುವವರೂ ಅವರೇ. ಮಾರ್ಚ್ ಎರಡು, ಭಾನುವಾರ ಮಧ್ಯಾಹ್ನ ಪ್ರಸಾರವಂತೆ. ಖುಷಿಯಾಗಬೇಕಿತ್ತು. ಮುಖ್ಯ ಪಾತ್ರ ಮಾಡಿದ ಕೆಂಚಮ್ಮಜ್ಜಿಯೇ ಇಲ್ಲ. ಅವಳ ಊರು ಮಿಡಿಗೇಶಿಯಲ್ಲಿ ಶೂಟಿಂಗ್ ಮುಗಿದ ಮರುತಿಂಗಳೇ ಹೋಗಿಬಿಟ್ಟಳು. ಎದೆನೋವು ಅಂದಳಂತೆ, ಅಷ್ಟೆ…

ಫೆಬ್ರವರಿ 17
ಪ್ರೋಮೋ ಶುರು. ಬಸ್‌ಸ್ಟ್ಯಾಂಡ್ ಹೋಟೆಲಿನ ಟಿವಿಯಲ್ಲಿ ಚಟ್ಟ. ಅದರ ಮೇಲೆ ಅಜ್ಜಿ — ಕಣ್ಣು ಮುಚ್ಚಿ, ಹಣೆಗೆ ಕಾಸಿಟ್ಟುಕೊಂಡು. ಆ ಸೀನ್ ತೆಗೆದ ದಿನ ನಕ್ಕಿದ್ದಳು: "ಸಾಯೋದು ಇಷ್ಟು ಸಲೀಸಾ? ಬೇಕಾದ್ರೆ ಇನ್ನೊಂದ್ಕಿತ ಸಾಯ್ತೀನಿ ಬುಡಮ್ಮ."
ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ.

ಫೆಬ್ರವರಿ 18
ಅಜ್ಜಿಯ ಮಗಳು ದಾಸಮ್ಮನ ಫೋನ್.
"ಅಡ್ವಟೈಸ್ ಬಂದಾಗೆಲ್ಲ ನಮ್ಮವ್ವನ ಹೆಣ ತೋರಿಸ್ತಾರಲ್ಲ ರಕ್ಷಮ್ಮ. ನಾನು ಮಣ್ಣು ಹಾಕಿ ಬಂದಿವ್ನಿ ಕಣಮ್ಮ. ದಿನಾ ಎಷ್ಟು ಕಿತ ಸಾಯ್ಬೇಕು ಅವ್ಳು?"
"ತೆಗೆಸ್ತೀನಿ ಅಕ್ಕ" ಎಂದೆ. ಹೇಗೆ?

ಫೆಬ್ರವರಿ 20, ಬೆಂಗಳೂರು
ಚಾನೆಲ್ ಆಫೀಸು. "ಹಕ್ಕೆಲ್ಲ ನಮ್ಮದು ರಕ್ಷಾ. ಆ ಶಾಟ್ ನೋಡಿಯೇ ಜನ ಸಿನಿಮಾಕ್ಕೆ ಕೂರೋದು" ಎಂದರು ಜಯಕುಮಾರ್ ಸರ್.
ಹಾಗಿದ್ದರೆ ನಿರ್ದೇಶಕಿ ಅಂತ ಇರುವ ನನ್ನ ಹೆಸರು ತೆಗೆಯಿರಿ ಎಂದೆ. ಹೆದರುತ್ತಾರೆ ಅಂದುಕೊಂಡಿದ್ದೆ.
"ಸರಿ, ತೆಗೀತೀವಿ."
ಬಸ್ಸಿನಲ್ಲಿ ಪಕ್ಕದವರ ಮೊಬೈಲಿನಲ್ಲೂ ಅದೇ ಚಟ್ಟ.

ಫೆಬ್ರವರಿ 26
ಪ್ರೋಮೋ ನಿಂತಿಲ್ಲ. ನನ್ನ ಹೆಸರು ಮಾತ್ರ ಹೋಗಿದೆ. ಟಿವಿ ಆರಿಸಿದರೂ ಕಪ್ಪು ಪರದೆಯಲ್ಲಿ ಅಜ್ಜಿಯ ಹಣೆ ಉಳಿಯುತ್ತದೆ. ಮೇಲೆ ಟವೆಲ್ ಹೊದಿಸಿದ್ದೇನೆ.

ಮಾರ್ಚ್ 2, ಮಧ್ಯಾಹ್ನ, ಮಿಡಿಗೇಶಿ
ದಾಸಮ್ಮನಿಗೆ ಮುಖ ತೋರಿಸಲೇಬೇಕಿತ್ತು. "ಆಗ್ಲಿಲ್ಲ ಅಕ್ಕ" ಎಂದೆ. ಬೈಯಲಿಲ್ಲ. ಚಾಪೆ ಹಾಸಿದಳು.
"ಬೀದಿಯೋರೆಲ್ಲ ನೋಡ್ತಾರೆ. ನಾನೊಬ್ಳು ಯಾಕೆ ಬೆನ್ನು ತಿರುಗಿಸಿ ಕೂರ್ಲಿ? ಟಿವಿ ಹಾಕು."
ಚಟ್ಟ ಬಂತು. ಪ್ರೋಮೋದಲ್ಲಿ ಮಿಂಚಿ ಹೋಗುವುದು, ಸಿನಿಮಾದಲ್ಲಿ ಉದ್ದ… ತಲೆ ತಗ್ಗಿಸಿದೆ. ದಾಸಮ್ಮ ಎದ್ದು ಟಿವಿಯ ಹತ್ತಿರ ಹೋದಳು.
"ರಕ್ಷಮ್ಮಾ… ಇಲ್ನೋಡು. ಉಸಿರಾಡ್ತಾವ್ಳೆ ನಮ್ಮವ್ವ."
ನಿಜ. ಸೆರಗು ಏಳುತ್ತಿತ್ತು, ಇಳಿಯುತ್ತಿತ್ತು. ಎಡಿಟಿಂಗ್‌ನಲ್ಲಿ ಅಷ್ಟು ಸಲ ನೋಡಿದರೂ ನನಗೆ ಕಂಡಿರಲೇ ಇಲ್ಲ.
ಈಗ ಜಾಹೀರಾತು. ಸೋಪು, ಬಂಗಾರ. ದಾಸಮ್ಮ ಪರದೆಗೆ ಒತ್ತಿದ ಅಂಗೈ ಇನ್ನೂ ತೆಗೆದಿಲ್ಲ. ಹಿಂದೆ ಕೂತು ಬರೆಯುತ್ತಿದ್ದೇನೆ. ಕರೆಯುತ್ತಿದ್ದಾಳೆ — ನನ್ನನ್ನಲ್ಲ. "ಅವ್ವಾ" ಎಂದು, ಮೆಲ್ಲಗೆ, ನಿದ್ದೆಯಿಂದ ಎಬ್ಬಿಸುವ ಹಾಗೆ —