ನೀಲಿ ಡಬ್ಬದ ಪೇಪರ್ ಲೋಟ

ಅರಕಲಗೂಡು
ಸೋಮವಾರ

ಬೆಟ್ಟಮ್ಮನವರೇ,

ನಿಮ್ಮ ಬೀದಿಯ ಕಸ ಒಯ್ಯುವ ಸಣ್ಣಕ್ಕನ ಮಗಳು ನಾನು. ಅಮ್ಮ ನಿಮ್ಮ ನೀಲಿ ಡಬ್ಬದ ಕಸ ಎತ್ತದೆ ಬಿಟ್ಟುಹೋದಳೆಂದು ಪಟ್ಟಣ ಪಂಚಾಯಿತಿಗೆ ದೂರು ಕೊಟ್ಟು, ಅವಳನ್ನು ಕೆಲಸದಿಂದ ತೆಗೆಯಿರಿ ಎಂದಿದ್ದೀರಿ. ಬಿಟ್ಟು ಬಾ ಎಂದವಳು ನಾನು.

ನೀಲಿ ಡಬ್ಬ ಇರುವುದು ಒಣ ಕಸಕ್ಕೆ. ನಿಮ್ಮ ಡಬ್ಬಕ್ಕೆ ದಿನಕ್ಕೊಂದು ಪೇಪರ್ ಲೋಟ ಬೀಳುತ್ತದೆ. ಅದರಲ್ಲಿ ಉಳಿದ ಕಾಫಿ ಸುರಿದು ಹಳೇ ಪೇಪರು, ರಟ್ಟು ಎಲ್ಲ ನೆನೆಯುತ್ತದೆ. ಕಸ ವಿಂಗಡಿಸುವ ಶೆಡ್ಡಿನಲ್ಲಿ ಬೈಸಿಕೊಳ್ಳುವವಳು ಅಮ್ಮ. ನಿಮ್ಮ ಗೇಟಿಗೆ ನಾನೇ ಬರೆದು ಸಿಕ್ಕಿಸಿದ ಕರಪತ್ರದಲ್ಲಿ ಇದೆಲ್ಲ ಇತ್ತು. "ಕಸ ಎತ್ತೋರೂ ನಮ್ಗೆ ಪಾಠ ಏಳಂಗಾದ್ರಲ್ಲೇ ಸಣ್ಣಿ" ಎಂದು ಅಮ್ಮನೆದುರೇ ನಕ್ಕಿರಂತೆ.

ನಿಮ್ಮ ಮನೆಯಲ್ಲಿ ಹಾಲಿನವನೂ ಸ್ಟೀಲ್ ಲೋಟದಲ್ಲೇ ಕಾಫಿ ಕುಡಿಯುತ್ತಾನೆ. ಪೇಪರ್ ಲೋಟದ ಕಟ್ಟು ತಂದಿಟ್ಟಿರುವುದು ನನ್ನ ಅಮ್ಮನೊಬ್ಬಳಿಗೆ. ಅವಳು ಕುಡಿದಿಟ್ಟದ್ದನ್ನು ಕೈ ತಾಗದಂತೆ ಕಸದ ಮೊರಕ್ಕೆ ತಳ್ಳಿ ಡಬ್ಬಕ್ಕೆ ಹಾಕುತ್ತೀರಿ. "ಓಗ್ಲಿ ಬುಡು ಮಗಾ, ಕಾಪಿ ಬಿಸಿಯಾಗೇ ಕೊಡ್ತಾರೆ" ಅನ್ನುತ್ತಾಳೆ ಅವಳು. ನಾನು ಬಿಡುವುದಿಲ್ಲ.

ನಾಳೆಯೇ ದೂರನ್ನು ಹಿಂದಕ್ಕೆ ತೆಗೆದುಕೊಳ್ಳಿ. ಇಲ್ಲವಾದರೆ ಆ ಲೋಟಗಳನ್ನು ಚೀಲದಲ್ಲಿ ತುಂಬಿಕೊಂಡು ನಾನೇ ಪಂಚಾಯಿತಿಗೆ ಹೋಗಿ, ಅವನ್ನು ನೀವು ಯಾರಿಗಾಗಿ ತಂದಿಟ್ಟಿದ್ದೀರಿ ಎಂದು ಹೇಳುತ್ತೇನೆ.

ಇನ್ನು ಕಾಫಿ ಕೊಡುವುದಾದರೆ ಸ್ಟೀಲ್ ಲೋಟದಲ್ಲಿ ಕೊಡಿ. ಆಗ ಕಸವೇ ಆಗುವುದಿಲ್ಲ. ಅಮ್ಮ ಕುಡಿದ ಮೇಲೆ ಆ ಲೋಟವನ್ನು ನೀವೇ ತೊಳೆಯಿರಿ, ಹಾಲಿನವನ ಲೋಟ ತೊಳೆಯುವ ಹಾಗೆ.

ಇತಿ,
ಸಣ್ಣಕ್ಕನ ಮಗಳು ಶೋಭಿತಾ