ಮೂರನೇ ಮಹಡಿ ಹತ್ತಿದವರ ಆರೋಗ್ಯ

ಮಾನ್ಯ ಕಾರ್ಮಿಕ ಆರೋಗ್ಯಾಧಿಕಾರಿಗಳೇ,

ಉಸಿರಾಡಲಾಗದವರನ್ನು ಲೆಕ್ಕದಿಂದ ಹೊರಗಿಟ್ಟು, ನಮ್ಮ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ನೂರಕ್ಕೆ ತೊಂಬತ್ತಾರು ಮಂದಿಯ ಶ್ವಾಸಕೋಶ ಚೆನ್ನಾಗಿದೆ ಎಂದು ನೀವು ವರದಿ ಕೊಟ್ಟಿದ್ದೀರಿ. ಅಭಿನಂದನೆಗಳು. ಶ್ವಾಸಕೋಶದ ಬಲ ಅಳೆಯಲು ಊದಿಸುವ ಯಂತ್ರವನ್ನು ನಿಮ್ಮ ಕಚೇರಿಯ ಮೂರನೇ ಮಹಡಿಯಲ್ಲಿಟ್ಟು, ಲಿಫ್ಟ್ ಕೆಟ್ಟ ದಿನವೇ ತಪಾಸಣೆ ನಡೆಸಿದರೆ ಇನ್ನೇನು ಫಲಿತಾಂಶ ಬರುತ್ತದೆ? ಯಂತ್ರಕ್ಕಿಂತ ಮೊದಲು ಮೆಟ್ಟಿಲುಗಳೇ ನಮ್ಮನ್ನು ಪರೀಕ್ಷಿಸಿ ಮುಗಿಸಿದ್ದವು.

ನನ್ನ ಭಾವ ಕಾರ್ಖಾನೆಯಲ್ಲಿ ಕಲ್ಲಿಗೆ ಹೊಳಪು ಕೊಡುವವರು. ನಾನು ಪ್ಯಾಕಿಂಗ್ ವಿಭಾಗದವಳು. ಆ ದಿನ ಇಬ್ಬರೂ ಒಟ್ಟಿಗೆ ನಿಮ್ಮ ಕಚೇರಿಗೆ ಬಂದೆವು. ಎರಡನೇ ಮಹಡಿಯ ತಿರುವಿನಲ್ಲಿ ಅವರು ಕಿಟಕಿಯ ಸರಳು ಹಿಡಿದು ಕುಸಿದು ಕೂತರು. ತುಟಿಯ ಬಣ್ಣವೇ ಬದಲಾಗಿತ್ತು. "ನೀನು ಹೋಗಿ ಊದ್ಬಿಟ್ಟು ಬಾರೇ. ನನ್ನ ಪಾಲಿಂದೂ ಸೇರ್ಸಿ ಊದು," ಎಂದು ನಗಲು ಹೋಗಿ ಕೆಮ್ಮಿದರು.

ಮೇಲೆ ಹೋಗಿ ನಿಮ್ಮ ಸಹಾಯಕರನ್ನು ಬೇಡಿಕೊಂಡೆ. "ಸಾರ್, ಕೆಳಗಡೇನೇ ಕೂತಿದಾರೆ, ಒಂದ್ಸಲ ಬಂದು ನೋಡಿ."

"ಯಂತ್ರ ಕೆಳಗೆ ತರೋ ಹಾಗಿಲ್ಲಮ್ಮ. ಬಂದೋರ್ದು ಬರ್ಕೊತೀವಿ. ಬರದೇ ಇದ್ದೋರು ಗೈರುಹಾಜರಿ."

ನನಗೆ ಲೆಕ್ಕದ ಮೇಲೆ ಸಿಟ್ಟಿಲ್ಲ, ಮಾನ್ಯರೇ. ಒಬ್ಬ ಕೆಮ್ಮಿದರೆ ಶೀತ ಎನ್ನಬಹುದು. ಸಾಲಿಗೆ ಸಾಲೇ ಕೆಮ್ಮಿದಾಗ ಅದು ಧೂಳು ಎಂದು ತೋರಿಸಿಕೊಡುವುದು ಸಂಖ್ಯಾಶಾಸ್ತ್ರವೇ. ನಾನು ಓದಿರುವುದು ಕಾರ್ಮಿಕ ಸಂಘದವರು ಹಂಚುವ ಕಿರುಹೊತ್ತಗೆಗಳನ್ನಷ್ಟೇ. ಅವುಗಳಲ್ಲೂ ಒಂದು ಪ್ರಶ್ನೆ ಇರುತ್ತದೆ: ಎಣಿಕೆಗೆ ಸಿಗದವರು ಯಾರು, ಏಕೆ ಸಿಗಲಿಲ್ಲ? ಇಷ್ಟೆಲ್ಲ ಪದವಿ ಪಡೆಯುವಾಗ ನಿಮಗೆ ಆ ಪ್ರಶ್ನೆ ಎದುರಾಗಲೇ ಇಲ್ಲವೇ? ಅಥವಾ ಎದುರಾದಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟಿರಾ?

ನಿಮ್ಮ ತೊಂಬತ್ತಾರನ್ನು ಮಾಲೀಕರು ಗೇಟಿಗೆ ಅಂಟಿಸಿದ್ದಾರೆ. ಧೂಳು ಹೀರುವ ಯಂತ್ರ ಇನ್ನು ಅನಗತ್ಯವಂತೆ. ಭಾವ ಸೋಮವಾರದಿಂದ ಮತ್ತೆ ಪಾಲಿಶ್ ಕೋಣೆಗೆ ಇಳಿಯಬೇಕಂತೆ, ಇಲ್ಲವೆಂದರೆ ಕೆಲಸ ಬಿಡಬೇಕಂತೆ. ಇದನ್ನು ಹೇಳಲು ಮನೆಗೆ ಬಂದ ಮೇಸ್ತ್ರಿ, "ಸರ್ಕಾರನೇ ಚೆನ್ನಾಗಿದೀರಿ ಅಂದಿದೆ, ಇನ್ನೇನ್ರೀ ನಿಮ್ದು?" ಎಂದ. ಅಕ್ಕ ಬಿಡಲಿಲ್ಲ: "ಹಂಗಾದ್ರೆ ಮಲಗೋಕಾಗ್ದೆ ಗೋಡೆಗೊರಗಿ ಕೂತಿರೋರು ಯಾರು, ಸರ್ಕಾರದೋರಾ?" ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ. ಅಕ್ಕನ ಪ್ರಶ್ನೆಗೆ ಉತ್ತರ ನಿಮ್ಮ ಬಳಿ ಇದೆಯೇ?

ವರದಿಯನ್ನು ಹಿಂದಕ್ಕೆ ಪಡೆಯಿರಿ. ಗೈರುಹಾಜರಿ ಎಂದು ಬರೆದವರನ್ನು, ಕೆಮ್ಮು ತಾಳಲಾರದೆ ಕೆಲಸ ಬಿಟ್ಟು ಮನೆ ಸೇರಿದವರನ್ನು, ಎಲ್ಲರನ್ನೂ ಎಣಿಸಿ. ಅಲ್ಲಿಯವರೆಗೆ ಭಾವನನ್ನು ಆ ಕೋಣೆಗೆ ಕಳಿಸಬಾರದೆಂದು ಆದೇಶ ಕೊಡಿ. ಅವರನ್ನೆಲ್ಲ ಹುಡುಕುವ ಶ್ರಮ ನಿಮಗೆ ಬೇಡ, ನಾವೇ ಕರೆತರುತ್ತೇವೆ. ಯಂತ್ರ ಹಿಡಿದು ಬನ್ನಿ: ಈ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ, ಕಾರ್ಖಾನೆಯ ಗೇಟಿನ ಹೊರಗೆ.

ಇಂತಿ,
ಸದ್ಯಕ್ಕೆ ಉಸಿರು ಗಟ್ಟಿಯಿರುವ
ಪ್ಯಾಕಿಂಗ್ ವಿಭಾಗದವಳು